ಒಂದೆಲೆ ಬಾಕಿ ಇರುವ ಕೈ

ತೂಬಗೆರೆ
ವಿಳಂಬಿ ಸಂವತ್ಸರದ ಕಾರ್ತಿಕ ಶುದ್ಧ ದ್ವಾದಶಿ
20-11-2018

ಚಿರಂಜೀವಿ ನವ್ಯಶ್ರೀಗೆ,

ತುಳಸಿಯ ಮುಂದೆ ಹಚ್ಚಿಟ್ಟ ನೆಲ್ಲಿಕಾಯಿಯ ದೀಪ ಇನ್ನೂ ಉರಿಯುತ್ತಿದೆ. ಅದನ್ನು ಕಾಯುತ್ತ ಕುಳಿತು ಬರೆಯುತ್ತಿರುವ ನಿನ್ನ ಅಜ್ಜಿಯ ಆಶೀರ್ವಾದ.

ನಿನ್ನ ತಂದೆ ಮನೋಹರ ಮೊನ್ನೆ ದೊಡ್ಡಬಳ್ಳಾಪುರದಿಂದ ಬಂದವನು ಚಪ್ಪಲಿ ಬಿಡುವುದಕ್ಕೂ ಮೊದಲು ದೂರು ಬಿಚ್ಚಿದ. “ಅವ್ವಾ, ಮೊಮ್ಮಗಳು ಏರ್‌ಪೋರ್ಟಲ್ಲಿ ಕೆಲ್ಸಕ್ಕೆ ಸೇರಿದ್ಲು ಅಂತ ಬೀದಿಗೆಲ್ಲಾ ಸಕ್ಕರೆ ಹಂಚಿದ್ಯಲ್ಲ, ಈಗೇನ್ ಮಾಡ್ತಾವ್ಳೆ ಗೊತ್ತಾ? ಮೊಬೈಲಲ್ಲಿ ಇಸ್ಪೀಟ್ ಆಡ್ತಾವ್ಳೆ. ದುಡ್ ಕಟ್ಟಿ!” ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ವಾರಗಿತ್ತಿ ಪಾಪಕ್ಕ ಅಡಿಗೆಮನೆಯಿಂದಲೇ, “ಗೆದ್ಲೋ ಸೋತ್ಲೋ, ಅದನ್ ಹೇಳೋ ಮೊದ್ಲು” ಎಂದಳು. ನಿನ್ನ ತಂದೆ ಕಾಫಿಯನ್ನೂ ಕುಡಿಯದೆ ಎದ್ದು ಹೋದ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಂಡಿತಳಾಗಿ ಆಯುಷ್ಯದ ಬಹುಭಾಗ ಕಳೆದವಳು. ನಮ್ಮ ಗುರುಗಳು ಕಲಿಸಿದ ಒಂದು ಕ್ರಮವಿದೆ: ಯಾವ ಮತವನ್ನು ಖಂಡಿಸಬೇಕೋ ಅದನ್ನು ಮೊದಲು, ಆ ಮತದವರೇ ಮೆಚ್ಚಿ ತಲೆದೂಗುವಷ್ಟು ಚೆನ್ನಾಗಿ, ಪೂರ್ವಪಕ್ಷವಾಗಿ ನಿಲ್ಲಿಸಬೇಕು. ನಿನ್ನನ್ನು ಬೈಯಬೇಕೆಂಬ ಇಚ್ಛೆ ನನಗೆ ಬಲವಾಗಿಯೇ ಇದೆ. ಆದರೆ ಯಾವುದಕ್ಕಾಗಿ ಬೈಯುತ್ತಿದ್ದೇನೆಂಬುದು ತಿಳಿಯದೆ ಬೈಯುವುದು ನನ್ನ ಶಿಕ್ಷಣಕ್ಕೆ ಒಗ್ಗದು. ಆದ್ದರಿಂದ ಆ ಆಟವೇನು, ಅದರ ನಿಯಮಗಳೇನು, ಅದರಲ್ಲಿ ನಿನ್ನ ಮನಸ್ಸು ಎಲ್ಲಿ ನಿಂತಿದೆ, ಎಲ್ಲವನ್ನೂ ವಿವರವಾಗಿ ಬರೆ. ಫೋನು ಬೇಡ. ನಿನ್ನ ಅರ್ಧ ಮಾತು ವಿಮಾನದ ಸದ್ದಿಗೆ ಹೋಗುತ್ತದೆ, ಉಳಿದರ್ಧ ನನ್ನ ಕಿವಿಗೆ ಏರುವುದಿಲ್ಲ.

ಸದ್ಯಕ್ಕೆ ಕೋಪವನ್ನು ಬಾಕಿ ಇರಿಸಿಕೊಂಡಿರುವ,
ನಿನ್ನ ಅಜ್ಜಿ
ಆದಿಲಕ್ಷ್ಮಮ್ಮ


ದೇವನಹಳ್ಳಿ
2-12-2018

ಪ್ರೀತಿಯ ಅಜ್ಜಿಗೆ ನವ್ಯಾಳ ನಮಸ್ಕಾರಗಳು.

ನೌಕರರನ್ನು ಕರೆದೊಯ್ಯುವ ಬಸ್ಸಿನಲ್ಲಿ ಕುಳಿತು ಬರೆಯುತ್ತಿದ್ದೇನೆ. ಅಕ್ಷರಗಳು ಕುಣಿದಿದ್ದರೆ ರಸ್ತೆಯನ್ನು ಬೈಯಿರಿ, ನನ್ನನ್ನಲ್ಲ.

ಅಪ್ಪ ಹೇಳಿದ್ದು ನಿಜ. ಆಟದ ಹೆಸರು ಪೋಕರ್. ಸರಕು ವಿಭಾಗದಲ್ಲಿ ಗುಲಾಬಿ, ದಾಳಿಂಬೆಗಳ ಪೆಟ್ಟಿಗೆ ತೂಗಿಸಿ ಸುಸ್ತಾಗಿ ಬಂದ ಮೇಲೆ ಸ್ವಲ್ಪ ಹೊತ್ತು ಆಡುತ್ತೇನೆ. ತಿಂಗಳಿಗೆ ಎರಡು ಸಿನಿಮಾ ನೋಡುವಷ್ಟನ್ನು ಮಾತ್ರ ಹಾಕುತ್ತೇನೆ. ಅದು ಕರಗಿದರೆ ಆ ತಿಂಗಳು ಆಟವಿಲ್ಲ. ಒಂದು ಮೇಜಿಗೆ ಆರು ಜನ. ಯಾರ ಮುಖವೂ ಕಾಣುವುದಿಲ್ಲ, ಯಾರ ಹೆಸರೂ ನಿಜವಲ್ಲ. ಬೇಕೆನಿಸಿದಾಗ ಕೂರಬಹುದು, ಸಾಕೆನಿಸಿದಾಗ ಉಳಿದದ್ದನ್ನು ಎತ್ತಿಕೊಂಡು ಎದ್ದು ಹೋಗಬಹುದು. ಅದಕ್ಕೇ ಇದನ್ನು ಕ್ಯಾಶ್ ಗೇಮ್ ಎನ್ನುತ್ತಾರೆ.

ಪ್ರತಿಯೊಬ್ಬರಿಗೂ ಎರಡೆರಡು ಎಲೆ, ಅವರವರಿಗೆ ಮಾತ್ರ ಕಾಣುವಂತೆ. ಆಮೇಲೆ ಎಲ್ಲರಿಗೂ ಸೇರಿದಂತೆ ಮಧ್ಯದಲ್ಲಿ ಮೂರು ಎಲೆ ತೆರೆದಿಡುತ್ತಾರೆ, ನಂತರ ಒಂದು, ಕಡೆಗೆ ಇನ್ನೊಂದು. ಪ್ರತಿ ಹಂತದಲ್ಲೂ ಪಣ ಉಂಟು. ಕೇಳಿದಷ್ಟು ಕಟ್ಟಿ ಮುಂದಕ್ಕೆ ಹೋಗಬಹುದು, ಏರಿಸಬಹುದು, ಇಲ್ಲವೇ ಎಲೆ ಬಿಡಬಹುದು. ಮಿಕ್ಕವರೆಲ್ಲ ಬಿಟ್ಟರೆ, ಉಳಿದವರು ತಮ್ಮ ಎಲೆ ತೋರಿಸದೆಯೇ ಗೆದ್ದಂತೆ.

ಈಗ ನನ್ನ ಜಗಳ ಕೇಳಿ. ನನ್ನ ಕೈಯಲ್ಲಿ ಎರಡು ಆಟೀನು, ಮಧ್ಯದ ಮೂರರಲ್ಲಿ ಎರಡು ಆಟೀನು ಎಂದಿಟ್ಟುಕೊಳ್ಳಿ. ಇನ್ನೊಂದು ಆಟೀನು ಬಂದರೆ ಐದೂ ಒಂದೇ ಜಾತಿಯವಾಗಿ ದೊಡ್ಡ ಕೈಯಾಗುತ್ತದೆ. ಬಾರದಿದ್ದರೆ ಏನೂ ಇಲ್ಲ. ಇದನ್ನು ಡ್ರಾ ಎನ್ನುತ್ತಾರೆ. ಇಂಥ ಕೈ ಬಂದಾಗ ನಾನು ಕೇಳಿದಷ್ಟು ಕಟ್ಟಿ, ಎಲೆಗಾಗಿ ಸುಮ್ಮನೆ ಕಾಯುತ್ತೇನೆ. ಬೀರೇಶ್ ಎಂಬವರು, ಇಲ್ಲಿಯ ಅಗ್ನಿಶಾಮಕ ದಳದವರು, ಅದೇ ಬಸ್ಸಿನಲ್ಲಿ ಬರುತ್ತಾರೆ. ಅವರು ನನ್ನ ಆಟ ನೋಡಿ ತಲೆ ಚಚ್ಚಿಕೊಳ್ಳುತ್ತಾರೆ.

“ಕಾಯ್ತಾ ಕೂತ್ರೆ ಎಲೆ ಬಂದ್ರೆ ಮಾತ್ರ ಗೆಲ್ತೀರಾ ಕಣ್ರೀ. ಏರ್ಸಿ! ಏರ್ಸಿದ್ರೆ ಎರಡು ದಾರಿ. ಎದುರಿನವ್ನು ಹೆದ್ರಿ ಬಿಟ್ಟೋಗ್ಬೋದು, ಬಿಡ್ಲಿಲ್ಲ ಅಂದ್ರೆ ಎಲೆನೂ ಬರ್ಬೋದು.”

“ಎರಡೂ ಆಗ್ಲಿಲ್ಲ ಅಂದ್ರೆ?”

“ಆಗ ಟೀ ನಾನ್ ಕೊಡಿಸ್ತೀನಿ.”

ಬೀರೇಶ್ ಪ್ರಕಾರ ನಾನು ಆಡುವುದು ಆಟವಲ್ಲ, ಹರಕೆ ಹೊತ್ತು ಕೂರುವುದು. ನನ್ನ ಪ್ರಕಾರ ಬೀರೇಶ್ ಆಡುವುದು ಆಟವಲ್ಲ, ಬೆಂಕಿ ಕಂಡಲ್ಲಿ ನುಗ್ಗುವ ಅವರ ಕೆಲಸದ ಚಾಳಿ. ಚೌಕಾಬಾರದಲ್ಲಿ ಇಡೀ ತೂಬಗೆರೆಯಲ್ಲಿ ನಿಮ್ಮನ್ನು ಸೋಲಿಸಿದವರಿಲ್ಲ. ನೀವೇ ತೀರ್ಪು ಕೊಡಿ. ಆಮೇಲೆ ಬೇಕಾದರೆ ಬೈಯಿರಿ.

ಬೈಗುಳಕ್ಕೆ ತಲೆಬಾಗಿರುವ,
ನವ್ಯಾ


ತೂಬಗೆರೆ
ಮಾರ್ಗಶಿರ ಶುದ್ಧ ದ್ವಾದಶಿ
19-12-2018

ಚಿರಂಜೀವಿ ನವ್ಯಶ್ರೀಗೆ,

ನಿನ್ನೆ ವೈಕುಂಠ ಏಕಾದಶಿಯ ಉಪವಾಸ. ಈ ಬೆಳಿಗ್ಗೆ ಪಾರಣೆ ಮುಗಿಸಿ, ಹೊಟ್ಟೆಯೂ ಮನಸ್ಸೂ ತಿಳಿಯಾಗಿರುವಾಗ ಹರಸಿ ಬರೆಯುತ್ತಿದ್ದೇನೆ.

ನಿನ್ನ ಪತ್ರವನ್ನು ಓದಿದಷ್ಟರಿಂದ ತೀರ್ಪು ಹೇಳುವುದು ಅಧರ್ಮವಾದೀತೆಂದು ಪ್ರಯೋಗಕ್ಕೆ ಇಳಿದೆ. ಎಲೆಗಳಿಗೆ ಎಲ್ಲಿ ಹೋಗುವುದೆಂದು ಚಿಂತಿಸುತ್ತಿದ್ದಾಗ ಪಾಪಕ್ಕ ತನ್ನ ಪೆಟ್ಟಿಗೆಯ ಸೀರೆಗಳ ಕೆಳಗಿನಿಂದ ಒಂದು ಕಟ್ಟು ತೆಗೆದುಕೊಟ್ಟಳು. ಅದು ಅಲ್ಲಿ ಎಷ್ಟು ವರ್ಷಗಳಿಂದ ಇತ್ತೆಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಹುಣಿಸೆಬೀಜಗಳನ್ನು ಪಣವಾಗಿಟ್ಟುಕೊಂಡು, ಭಜನೆಯಿಲ್ಲದ ಮಧ್ಯಾಹ್ನಗಳಲ್ಲಿ ಪಡಸಾಲೆಯಲ್ಲಿ ಕುಳಿತೆವು. ಛಂದಸ್ಸಿನಲ್ಲಿ ಲಘುಗುರುಗಳ ಪ್ರಸ್ತಾರ ಹಾಕಿ ಪಳಗಿದ ಕೈಗೆ ಎಲೆಗಳ ಲೆಕ್ಕ ಭಾರವಾಗಲಿಲ್ಲ. ನಿನ್ನ ನಾಲ್ಕು ಆಟೀನಿನ ಕೈಗೆ, ಇನ್ನೂ ಎರಡು ಎಲೆ ಬರಲಿರುವಾಗ, ಮೂರು ಸಲಕ್ಕೆ ಒಂದು ಸಲ ಐದನೆಯದು ದಕ್ಕುತ್ತದೆ. ಒಂದೇ ಎಲೆ ಉಳಿದಾಗ ಐದು ಸಲಕ್ಕೆ ಒಂದು.

ಆಗಿರುವ ಕೈಯನ್ನು ‘ಸಿದ್ಧ’ವೆಂದೂ ಆಗಬೇಕಾದ ಕೈಯನ್ನು ‘ಸಾಧ್ಯ’ವೆಂದೂ ನಾನು ಕರೆದುಕೊಂಡೆ. ಸಾಧ್ಯದ ಕೈಯನ್ನು ಹಿಡಿದು ಸುಮ್ಮನೆ ಕಾಯುವವಳು ತನ್ನ ಭಾಗ್ಯವೆಲ್ಲವನ್ನೂ ಒಂದೇ ಎಲೆಯ ಕೈಗೆ ಕೊಟ್ಟು, ಮೇಲೆ ಅದಕ್ಕೆ ಬಾಡಿಗೆಯನ್ನೂ ಕಟ್ಟುತ್ತಾಳೆ. ಅದೇ ಏರಿಸಿದವಳು ಎದುರಾಳಿಯನ್ನೂ ಚಿಂತೆಗೆ ಹಚ್ಚುತ್ತಾಳೆ. ನಮ್ಮ ಚೌಕಾಬಾರದ ಕಟ್ಟಳೆ ನಿನಗೆ ಗೊತ್ತು: ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ನಿನ್ನ ಕಾಯಿ ಒಳಸುತ್ತಿಗೆ ಹೋಗುವಂತಿಲ್ಲ, ಒಳಸುತ್ತಿಗೆ ಹೋಗದೆ ಹಣ್ಣಾಗುವಂತಿಲ್ಲ. ಆದ್ದರಿಂದ ತೀರ್ಪು ಅಗ್ನಿಶಾಮಕ ದಳದ ಕಡೆಗೆ. ಆದರೆ ಪೂರ್ತಿಯಾಗಿ ಅಲ್ಲ. ಮೊದಲ ಮೂರೆಲೆ ಬಿದ್ದಾಗಲೇ ಏರಿಸಬೇಕು, ಕಡೆಯ ಎಲೆಗೆ ಕಾದು ಹತಾಶೆಯಿಂದಲ್ಲ. ಎದುರಿಗೆ ಒಬ್ಬರೋ ಇಬ್ಬರೋ ಇರಬೇಕು, ಸಂತೆಯಲ್ಲ. ಸಾಧ್ಯವಾದರೆ ಎಲ್ಲರಿಗಿಂತ ಕಡೆಗೆ ಮಾತನಾಡುವ ಜಾಗದಲ್ಲಿ ಕುಳಿತಿರಬೇಕು.

ಬೈಗುಳವನ್ನು ಮುಂದೂಡಿದ್ದೇನೆ. ಸಿನಿಮಾದ ಮಿತಿಯನ್ನು ಮೀರಿದ ದಿನ ಅದು ಬಡ್ಡಿಸಹಿತ ಬರುತ್ತದೆ.

ಮರೆತೆ. ನಿನ್ನ ಪತ್ರದಲ್ಲಿ ಆಟೀನಿನಷ್ಟೇ ಸಲ ಬಂದಿರುವ ಬೀರೇಶ ಎಂಬಾತ ಯಾವ ಊರಿನವನು? ಆಟದ ವಿಚಾರಕ್ಕಷ್ಟೇ ಕೇಳಿದೆ.

ಹುಣಿಸೆಬೀಜದ ಒಡತಿಯಾದ,
ನಿನ್ನ ಅಜ್ಜಿ


ದೇವನಹಳ್ಳಿ
20-1-2019

ಪ್ರೀತಿಯ ಅಜ್ಜಿಗೆ,

ಸಂಕ್ರಾಂತಿಯ ಎಳ್ಳು ತಲುಪಿತು. ಕೊಬ್ಬರಿಯನ್ನು ಆರಿಸಿ ಮೊದಲು ತಿಂದುಬಿಟ್ಟೆ, ಎಳ್ಳಿಗೆ ಸ್ನೇಹಿತರನ್ನು ಕರೆದೆ.

ನಿಮ್ಮ ತೀರ್ಪಿನಂತೆ ಆಡಿದೆ. ಮೊದಲ ವಾರ ನನಗೇ ನಂಬಿಕೆಯಾಗಲಿಲ್ಲ. ನಾನು ಏರಿಸಿದೆ, ಅವರು ಬಿಟ್ಟರು. ಮತ್ತೆ ಏರಿಸಿದೆ, ಮತ್ತೆ ಬಿಟ್ಟರು. ಕೈಯಲ್ಲಿ ಏನೂ ಇಲ್ಲದೆ ಗೆಲ್ಲುವುದರಲ್ಲಿ ಇಷ್ಟು ನಗು ಬರುತ್ತದೆಂದು ತಿಳಿದಿರಲಿಲ್ಲ. ಎರಡನೆಯ ವಾರ ಒಬ್ಬ ಬಂದ. ಅವನು ಎಲೆ ಬಿಡುವವನೇ ಅಲ್ಲ. ಏರಿಸಿದಷ್ಟೂ ಕಟ್ಟಿದ. ಐದನೆಯ ಆಟೀನು ಬರಲಿಲ್ಲ, ಅವನ ಕೈಯಲ್ಲಿದ್ದ ಸಣ್ಣದೊಂದು ಜೋಡಿ ಎಲೆ ನನ್ನ ಎರಡು ಸಿನಿಮಾವನ್ನೂ ನುಂಗಿತು. ಬೀರೇಶನಿಗೆ ಹೇಳಿದರೆ ಬಸ್ಸೆಲ್ಲ ತಿರುಗಿ ನೋಡುವಂತೆ ನಕ್ಕ.

“ಬಿಡ್ದೇ ಇರೋವ್ನ ಮುಂದೆ ಏರಿಸ್ತಾರೇನೇ? ಅವ್ನು ಹೆದ್ರೋ ಪಾರ್ಟಿನೇ ಅಲ್ಲ. ಅಂಥವ್ನ ಮುಂದೆ ಕೈ ಆದ್ಮೇಲೇನೇ ಏರಿಸ್ಬೇಕು ಕಣೇ. ನಿಮ್ಮಜ್ಜಿ ಅದನ್ ಹೇಳ್ಲಿಲ್ವಾ?”

“ನಮ್ಮಜ್ಜಿ ಮುಂದೆ ಬಿಡ್ದೇ ಇರೋವ್ರು ಯಾರೂ ಇಲ್ಲ” ಎಂದೆ. ಟೀ ಅವನೇ ಕೊಡಿಸಿದ.

ನೀವು ಕೇಳಿದ ಪ್ರಶ್ನೆಗೆ: ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿ. ತಂದೆ ಮುನಿಶಾಮಪ್ಪ, ತಾಯಿ ಕದಿರಮ್ಮ. ಸ್ವಲ್ಪ ರಾಗಿ ಹೊಲ, ಒಂದು ಹಿಂಡು ಕುರಿ. ಅವರು ನಮ್ಮವರಲ್ಲ ಅಜ್ಜಿ. ಆಟದ ವಿಚಾರಕ್ಕಷ್ಟೇ ಬರೆದೆ.

ನಿಮ್ಮ
ನವ್ಯಾ


ತೂಬಗೆರೆ
ಮಾಘ ಶುದ್ಧ ಸಪ್ತಮಿ
12-2-2019

ಚಿರಂಜೀವಿ ನವ್ಯಶ್ರೀಗೆ,

ರಥಸಪ್ತಮಿಯ ಸೂರ್ಯನಿಗೆ ಅರ್ಘ್ಯ ಕೊಡುವಾಗ ನಿನ್ನ ಹೆಸರನ್ನೂ ಹೇಳಿದೆ. ಇನ್ನೊಂದು ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಮನಸ್ಸಿನಲ್ಲಿಯೇ ಹೇಳಿಕೊಂಡೆ.

ಡಿಸೆಂಬರಿನ ಪತ್ರದಲ್ಲಿ ‘ಕಣ್ರೀ’ ಎನ್ನುತ್ತಿದ್ದವನು ಜನವರಿಯ ಪತ್ರದಲ್ಲಿ ‘ಕಣೇ’ ಎನ್ನುತ್ತಿದ್ದಾನೆ. ಕೇಳಿಸಿಕೊಂಡವಳು ದೂರು ಹೇಳಿಲ್ಲ. ಇರಲಿ. ‘ನಮ್ಮವರಲ್ಲ’ ಎಂದು ಬರೆದಿದ್ದೀಯೆ. ಆ ಒಂದು ಮಾತನ್ನು ಮುಂದಿಟ್ಟುಕೊಂಡು ಕೆಲವು ದಿನ ದೇವರ ಮುಂದೆ ಕುಳಿತಿದ್ದೆ. ನನ್ನ ದೇವರು ಆ ಬಗೆಗೆ ಏನೂ ತಕರಾರು ಎತ್ತಲಿಲ್ಲ.

ತಕರಾರಿನವನು ಬೇರೆ ಇದ್ದಾನೆ. ನಿನ್ನ ತಂದೆ ಬಂದಿದ್ದ. ನೆಲಮಂಗಲದ ಕಡೆಯ ಒಂದು ಸಂಬಂಧ ಹಿಡಿದುಕೊಂಡು ಬಂದಿದ್ದ. ಅಕ್ಷಯ ತದಿಗೆಗೆ ಅವರು ಹೆಣ್ಣು ನೋಡಲು ಬರುತ್ತಾರಂತೆ. “ನವ್ಯಾಳನ್ನು ಕೇಳಿದೆಯಾ?” ಎಂದೆ. “ಕೇಳೋದೇನವ್ವಾ? ಒಳ್ಳೆ ಮನೆ, ಒಳ್ಳೆ ಜನ, ನಮ್ಮೋರು” ಎಂದ. ಹುಡುಗನ ಹೆಸರು ಕೇಳಿದರೆ ಜೇಬಿನಿಂದ ಚೀಟಿ ತೆಗೆದು ಓದಿದ. ನಿನ್ನ ತಂದೆಯನ್ನು ಹೆತ್ತವಳು ನಾನು. ಅವನು ಹಿಡಿದದ್ದನ್ನು ಬಿಡುವವನಲ್ಲ ಎಂಬುದು ತೊಟ್ಟಿಲಿನಿಂದಲೇ ತಿಳಿದ ವಿಷಯ.

ಈಗ ಆಟಕ್ಕೆ ಬರುತ್ತೇನೆ. ಬಿಡದವರ ಮುಂದೆ ಏರಿಸಬಾರದೆಂಬ ಬೀರೇಶನ ಮಾತು ಸತ್ಯ. ಆದರೆ ಅರ್ಧಸತ್ಯ. ನಮ್ಮ ಪಾಪಕ್ಕನೂ ಬಿಡುವವಳಲ್ಲ. ಒಡೆದ ಕೈ ಹಿಡಿದುಕೊಂಡು, “ನೋಡೇಬಿಡ್ತೀನಿ ಅಕ್ಕ” ಎಂದು ಕಡೆಯವರೆಗೂ ಬೀಜ ಸುರಿಯುತ್ತಾಳೆ. ನಾನು ದೊಡ್ಡದಾಗಿ ಏರಿಸಿದೆ, ಬಿಡಲಿಲ್ಲ. ಇನ್ನೂ ದೊಡ್ಡದಾಗಿ ಏರಿಸಿದೆ, ಇನ್ನೂ ಗಟ್ಟಿಯಾಗಿ ಹಿಡಿದಳು. ಮೊನ್ನೆ ಮಾತ್ರ ನಾನು ಏರಿಸಿದ ಗಳಿಗೆಗೂ ಒಲೆಯ ಮೇಲಿನ ಹಾಲು ಉಕ್ಕುವುದಕ್ಕೂ ಸರಿಹೋಯಿತು. “ತಗೋ, ನಿಂದೇ ಇರ್ಲಿ” ಎಂದು ಎಲೆ ಎಸೆದು ನಗುತ್ತ ಓಡಿದಳು. ಆಗ ತಿಳಿಯಿತು. ಬಿಡದವರೂ ಬಿಡುತ್ತಾರೆ, ಬಿಟ್ಟದ್ದು ಸೋಲಾಗಿ ಕಾಣದಂಥ ಗಳಿಗೆಯೊಂದು ಅವರಿಗೆ ಸಿಕ್ಕಬೇಕು. ಆ ಗಳಿಗೆಯನ್ನು ಆರಿಸುವುದೇ ಏರಿಸುವವರ ವಿದ್ಯೆ.

ನೀವಿಬ್ಬರೂ ಅವಸರ ಮಾಡಬೇಡಿ. ನಾನು ಯೋಚಿಸುತ್ತಿದ್ದೇನೆ.

ಸದಾ ನಿನ್ನ ಕ್ಷೇಮವನ್ನು ಬಯಸುವ,
ಅಜ್ಜಿ


ದೇವನಹಳ್ಳಿ
17-3-2019

ಅಜ್ಜಿ,

ನಿಮ್ಮ ಮಾತನ್ನು ಬೀರೇಶನಿಗೆ ಓದಿ ಹೇಳಿದ್ದೆ. ಆದರೂ ಅವಸರ ನಡೆದುಹೋಯಿತು. ಕಳೆದ ಭಾನುವಾರ ನನಗೂ ಹೇಳದೆ, ಇಸ್ತ್ರಿ ಅಂಗಿ ತೊಟ್ಟು, ಒಬ್ಬನೇ ದೊಡ್ಡಬಳ್ಳಾಪುರಕ್ಕೆ ಹೋಗಿ ಅಪ್ಪನ ಮುಂದೆ ನಿಂತು ಹೆಣ್ಣು ಕೇಳಿದ್ದಾನೆ. ಬಿಡದವರ ಮುಂದೆ ಏರಿಸಬಾರದೆಂದು ಎಲೆಯಲ್ಲಿ ಅಷ್ಟು ಚೆನ್ನಾಗಿ ಗೊತ್ತಿದ್ದ ಮಾತು ಮನುಷ್ಯರ ಮುಂದೆ ಅವನಿಗೆ ಮರೆತೇಹೋಯಿತು. ಅಪ್ಪ ಕೂಗಾಡಲಿಲ್ಲವಂತೆ. ಪೂರ್ತಿ ಕೇಳಿಸಿಕೊಂಡು, “ದೂರದಿಂದ ಬಂದಿದ್ದೀಯ. ಕಾಫಿ ಕುಡ್ಕೊಂಡು ಹೊರಡಪ್ಪಾ” ಎಂದರಂತೆ. ಅಷ್ಟೇ.

“ಬೈದಿದ್ರೆ ಚೆನ್ನಾಗಿತ್ತು ಕಣೇ. ಕಾಫಿ ತುಂಬಾ ಚೆನ್ನಾಗಿತ್ತು, ಅದಕ್ಕೇ ಜಾಸ್ತಿ ಬೇಜಾರಾಯ್ತು” ಎನ್ನುತ್ತಾನೆ. ನಗಿಸಲು ಹೇಳುತ್ತಾನೆ. ನಗು ಬರುತ್ತಿಲ್ಲ.

ಅಂದಿನಿಂದ ಅಪ್ಪ ನನ್ನೊಡನೆ ಹವೆಯ ವಿಷಯ ಮಾತ್ರ ಮಾತನಾಡುತ್ತಾರೆ. ನೆಲಮಂಗಲದವರು ಬರುವುದು ಖಚಿತವಾಗಿದೆ. ನಾನು ಹಟ ಮಾಡಿದರೆ ಅಪ್ಪನ ಮನಸ್ಸು ಒಡೆಯುತ್ತದೆ, ಮಾಡದಿದ್ದರೆ ನನ್ನದು. ಆಟವನ್ನು ಫೋನಿನಿಂದ ತೆಗೆದುಹಾಕಿದೆ. ಈ ಕೈಯನ್ನೂ ಬಿಟ್ಟುಬಿಡೋಣವೆನಿಸುತ್ತಿದೆ.

ಯುಗಾದಿಗೆ ರಜೆಯಿಲ್ಲ. ನೀವೂ ಚಿಕ್ಕಜ್ಜಿಯೂ ಹಬ್ಬಕ್ಕೆ ಅಪ್ಪನ ಮನೆಗೆ ಹೋಗುತ್ತೀರಂತೆ. ಅಪ್ಪನೊಡನೆ ಜಗಳವಾಡಬೇಡಿ.

ನವ್ಯಾ


ದೊಡ್ಡಬಳ್ಳಾಪುರ
7-4-2019, ಹೊಸತೊಡಕು, ಬೆಳಿಗ್ಗೆ

ಮನೋಹರ,

ನಾನೂ ಪಾಪಕ್ಕನೂ ಜಡಿಗೇನಹಳ್ಳಿಗೆ, ಬೀಗರ ಮನೆಗೆ, ಹೊಸತೊಡಕಿಗೆ ಹೋಗಿದ್ದೇವೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಬಂದು ಕರೆದುಕೊಂಡು ಹೋಗು. ಊಟ ಮಾಡಿಕೊಂಡು ಬರಬೇಡ, ಅವರು ನೊಂದುಕೊಳ್ಳುತ್ತಾರೆ.

ನಿನ್ನ ತಾಯಿ


ತೂಬಗೆರೆ
ವಿಕಾರಿ ಸಂವತ್ಸರದ ಚೈತ್ರ ಶುದ್ಧ ಚೌತಿ
9-4-2019

ಚಿರಂಜೀವಿ ನವ್ಯಶ್ರೀಗೆ,

ಹೊಸ ಸಂವತ್ಸರದ ಮೊದಲ ಪತ್ರ ನಿನಗೇ. ಮನೆಯ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ಇನ್ನೂ ಹಸಿರಾಗಿದೆ.

ಆದದ್ದನ್ನು ಆದ ಕ್ರಮದಲ್ಲಿಯೇ ಹೇಳುತ್ತೇನೆ. ಹೊಸತೊಡಕಿನ ಕಟ್ಟಳೆ ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಯುಗಾದಿಯ ಮಾರನೆಯ ದಿನ ಮಾಡಿದ್ದು ವರ್ಷವೆಲ್ಲ ನಡೆಯುತ್ತದೆ. ಅಂದು ಅತ್ತರೆ ವರ್ಷವೆಲ್ಲ ಅಳು, ಜಗಳವಾಡಿದರೆ ವರ್ಷವೆಲ್ಲ ಜಗಳ, ಉಣ್ಣದೆ ಎದ್ದರೆ ವರ್ಷವೆಲ್ಲ ಹಸಿವು. ಆದ್ದರಿಂದಲೇ ಅಂದು ಯಾರೂ ಯಾರಿಗೂ ಇಲ್ಲವೆನ್ನುವುದಿಲ್ಲ. ನಿನ್ನ ತಂದೆ ಹಿಡಿದದ್ದನ್ನು ಬಿಡದಿರಬಹುದು, ಆದರೆ ಹೊಸತೊಡಕಿನ ಭಯ ಅವನಿಗೆ ನನಗಿಂತ ಹೆಚ್ಚು. ಗಳಿಗೆ ಆರಿಸಿದ್ದು ಹೀಗೆ. ಚೀಟಿಯನ್ನು ಕಾಫಿ ಫಿಲ್ಟರಿನ ಕೆಳಗೆ ಇಟ್ಟು, ಬೆಳಗಿನ ಬಸ್ಸಿಗೆ ಹೊರಟೆವು. ನಿನ್ನ ಅಮ್ಮ ಎದ್ದಿದ್ದಳು. ನೋಡಿಯೂ ನೋಡದವಳಂತೆ ಹಾಲು ಕಾಯಿಸುತ್ತ, “ಹೊಸಕೋಟೆಯಲ್ಲಿ ಬಸ್ಸು ಬದಲಾಯಿಸ್ಬೇಕು ಅತ್ತೆ” ಎಂದಷ್ಟೇ ಅಂದಳು.

ಜಡಿಗೇನಹಳ್ಳಿಯ ಅರಳಿಕಟ್ಟೆಯ ಮೇಲೆ ಗಂಡಸರು ಮೂರೆಲೆಯಾಟದಲ್ಲಿ ಮುಳುಗಿದ್ದರು. ಹಣೆಯ ಮೇಲೆ ನಾಮವಿಟ್ಟ ನನ್ನನ್ನು ಕಂಡದ್ದೇ ತಡ, ಎಲ್ಲರ ಎಲೆಗಳೂ ತೊಡೆಯ ಕೆಳಗೆ ಹೋದವು.

“ಯಾರ್ ಬೇಕಾಗಿತ್ತು ತಾಯಿ?”

“ಮುನಿಶಾಮಪ್ಪನವರು.”

“ನಾನೇಯ. ಏನಾಗ್ಬೇಕಿತ್ತು?”

“ಮೊದಲು ಕೈಯಲ್ಲಿರುವ ಆಟ ಮುಗಿಸಿ. ಹಬ್ಬದ ದಿನ ನಡುವೆ ಎಬ್ಬಿಸಿದ ಪಾಪ ನನಗೆ ಬೇಡ. ನಾನು ನವ್ಯಶ್ರೀಯ ಅಜ್ಜಿ.”

ಆ ಮನುಷ್ಯ ಎದ್ದ ರಭಸಕ್ಕೆ ಮೂರೂ ಎಲೆ ಅಂಗಾತ ಬಿದ್ದವು. ಮೂರೂ ರಾಜರು. ಪಾಪಕ್ಕ, “ಅಯ್ಯೋ, ಎಂಥಾ ಕೈ ಹಾಳಾಯ್ತು!” ಎಂದು ಅವರಿಗಿಂತ ಹೆಚ್ಚು ನೊಂದುಕೊಂಡಳು. ಅವರು ಅವನ್ನು ತಿರುಗಿಯೂ ನೋಡಲಿಲ್ಲ. ಓಡುತ್ತ ಹೋಗಿ ಮನೆಯ ಬಾಗಿಲಲ್ಲಿ ಕೂಗಿದ್ದು ನನಗೂ ಕೇಳಿಸಿತು ಎಂದರೆ ದನಿ ಎಷ್ಟಿತ್ತೆಂದು ಊಹಿಸು: “ಲೇ ಕದಿರೀ! ಅವ್ರ್ ಬಂದವ್ರೆ ಕಣೇ!”

ಕದಿರಮ್ಮ ಕೈಯಲ್ಲಿ ಸೌಟು ಹಿಡಿದೇ ಬಂದವಳು ನನ್ನ ನಾಮ ನೋಡಿ ಅಳುವಂತಾದಳು. “ಇವತ್ತೇ ಬರ್ಬೇಕಾಗಿತ್ತಾ ತಾಯಿ? ಒಲೆ ಮ್ಯಾಲೆ ಮರಿ ಬೇಯ್ತಾ ಐತೆ. ಮನೆಯೆಲ್ಲಾ ಅದೇ ವಾಸ್ನೆ. ನಿಮ್ಗೆ ನಾನೇನ್ ಬಡಿಸ್ಲಿ?”

ಮಗು, ಇಲ್ಲಿ ನನ್ನ ಪಣದ ವಿಷಯ ಹೇಳಬೇಕು. ನಿನ್ನ ತಾತ ತೀರಿಕೊಂಡ ಮೇಲೆ ನಾನು ಮಾಂಸ ಬಿಟ್ಟಿದ್ದೇನೆ, ನಮ್ಮವರ ಮನೆಗಳನ್ನು ಬಿಟ್ಟು ಬೇರೆಲ್ಲಿಯೂ ಬೆಂದ ಅನ್ನವನ್ನು ಮುಟ್ಟಿಲ್ಲ. ಅದನ್ನು ನಿಯಮವೆಂದುಕೊಂಡಿದ್ದೆ. ಹೊರಡುವಾಗ ಚೀಲದಲ್ಲಿ ಬಾಳೆಹಣ್ಣನ್ನೂ ಇಟ್ಟುಕೊಂಡಿದ್ದೆ. ಆದರೆ ಆ ತಾಯಿಯ ಮುಖ ನೋಡಿದಾಗ ಒಂದು ಸಂಗತಿ ಹೊಳೆಯಿತು. ನಾನು ಹಣ್ಣು ತಿಂದು ಎದ್ದರೆ ಅವಳು ಅದನ್ನು ನನ್ನ ನಿಯಮವೆಂದು ಓದುವುದಿಲ್ಲ. ತನ್ನ ಮನೆಯ ಮೇಲೆ ಬರೆದ ತೀರ್ಪೆಂದು ಓದುತ್ತಾಳೆ. ಓದಿದರೆ ತಪ್ಪೂ ಅಲ್ಲ.

“ನಿನ್ನೆಯ ಒಬ್ಬಟ್ಟು ಇಲ್ಲವೇ ಕದಿರಮ್ಮ?”

“ಐತೆ ತಾಯಿ. ಒಬ್ಬಟ್ಟಿನ ಸಾರೂ ಐತೆ. ಆದ್ರೆ ನಿನ್ನೇದು.”

“ಒಬ್ಬಟ್ಟಿನ ಸಾರು ಮಾರನೆಯ ದಿನವೇ ರುಚಿ. ಬಿಸಿ ಅನ್ನ ಮಾಡು, ಸಾರು ಕಾಯಿಸು. ನಾನು ಇಲ್ಲಿಯೇ ಒಲೆಯ ಹತ್ತಿರ ಕೂರುತ್ತೇನೆ.”

ಅವಳು ಸೌಟು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಒಂದು ಮಣೆ ತಂದು ಹಾಕಿದಳು. ಆ ಸಾರನ್ನು ಕುರಿತು ವ್ಯಾಖ್ಯಾನ ಬರೆಯುವಷ್ಟಿದೆ. ನಾನು ಎರಡು ಸಲ ಹಾಕಿಸಿಕೊಂಡೆ ಎಂಬಲ್ಲಿಗೆ ನಿಲ್ಲಿಸುತ್ತೇನೆ.

ಒಂದು ಗಂಟೆಗೆ ಸರಿಯಾಗಿ ಕಾರು ಬಂತು. ನಿನ್ನ ತಂದೆ ಹೊಸ್ತಿಲಾಚೆಯೇ ನಿಂತ. ಮುಖ ಕೆಂಪಗಿತ್ತು, ಹೊಟ್ಟೆ ಖಾಲಿಯಿತ್ತು. ಮುನಿಶಾಮಪ್ಪನವರು ಕೈಕಾಲಿಗೆ ನೀರು ಹಿಡಿದುಕೊಂಡು, “ಬನ್ನಿ ಸ್ವಾಮಿ, ಮೊದ್ಲು ಊಟ” ಎಂದರು.

“ನಾನು ಊಟಕ್ಕೆ ಬಂದಿಲ್ಲ. ನಮ್ಮವ್ವನ್ನ ಕರ್ಕೊಂಡ್ ಹೋಗಕ್ ಬಂದಿದೀನಿ.”

ಆಗಲೇ ಮೂಳೆ ಚೀಪುತ್ತಿದ್ದ ಪಾಪಕ್ಕ ತಲೆಯೆತ್ತದೆ, “ಲೋ ಮನೋಹರಾ, ಇವತ್ತು ಮುನಿಸ್ಕೊಂಡು ನಿಂತ್ರೆ ಮುಂದಿನ್ ಯುಗಾದಿವರ್ಗೂ ಬಾಗ್ಲಲ್ಲೇ ನಿಂತಿರ್ತೀಯ. ಬಾರೋ, ಮರಿ ಎಳೇದು” ಎಂದಳು.

ನಿನ್ನ ತಂದೆ ಆಕಾಶ ನೋಡಿದ, ನನ್ನನ್ನು ನೋಡಿದ, ಒಳಗಿನಿಂದ ಬರುತ್ತಿದ್ದ ಹೊಗೆಯನ್ನು ನೋಡಿದ. ಕಾಲು ತೊಳೆದುಕೊಂಡ. ಮೊದಲ ಮುದ್ದೆ ಮೌನವಾಗಿ ಇಳಿಯಿತು. ಎರಡನೆಯ ಮುದ್ದೆಗೆ, “ಮಸಾಲೆ ಮನೇಲೇ ಅರೆದಿದ್ದಾ?” ಎಂದ. ಮೂರನೆಯದಕ್ಕೆ ಮುನಿಶಾಮಪ್ಪನವರನ್ನು ಕುರಿಗಳ ವಿಷಯ ಕೇಳುತ್ತಿದ್ದ. ಇಬ್ಬರೂ ಹಿತ್ತಿಲಿಗೆ ಹೋಗಿ ಕುರಿಮರಿಗಳ ಹಲ್ಲು ನೋಡಿ ಬಂದರು.

ಹೊರಡುವ ಮುನ್ನ ನನ್ನನ್ನು ಬೇವಿನ ಮರದ ಕೆಳಗೆ ಕರೆದು, “ಅವ್ವಾ, ಬೀಗರು ಅಂತ ಹೆಂಗ್ ಬರೆದೆ? ಇನ್ನೂ ಏನೂ ಆಗಿಲ್ವಲ್ಲ!” ಎಂದ.

“ಆಗಿಲ್ಲ. ಆಗಬಹುದು. ಹುಡುಗಿ ಒಪ್ಪಿದ್ದಾಳೆ, ಹುಡುಗ ಬಂದು ಕೇಳಿದ್ದಾನೆ, ನಾನು ಈ ಮನೆಯ ಅನ್ನ ಉಂಡಿದ್ದೇನೆ. ಬೇಕಾದದ್ದು ಇನ್ನು ಒಂದೇ. ನಿನಗೆ ಬೇಡವಾದರೆ ಬೇಡವೆನ್ನು, ನಾನು ಮರುಮಾತಾಡುವುದಿಲ್ಲ. ಆದರೆ ಇವತ್ತೇ ಅನ್ನು, ಇಲ್ಲಿಯೇ ಅನ್ನು, ಅವರ ಮುಂದೆ ನಿಂತು ಅನ್ನು.”

“ನೀನು... ಅವರ ಮನೇಲಿ ಅನ್ನ ಉಂಡ್ಯಾ?”

“ಎರಡು ಸಲ ಹಾಕಿಸಿಕೊಂಡೆ.”

ನಿನ್ನ ತಂದೆ ಹೋಗಿ ಕಾರಿನ ಬಾಗಿಲು ತೆರೆದ. ಹಿಂದೆ ಕುಳಿತ ಪಾಪಕ್ಕ ಗೊರಕೆ ಹೊಡೆಯುತ್ತಿದ್ದಳು. ದೇವನಹಳ್ಳಿಯ ಹತ್ತಿರ, ತಲೆಯ ಮೇಲೆ ಒಂದು ವಿಮಾನ ಇಳಿಯುತ್ತಿದ್ದಾಗ, ರಸ್ತೆಯಿಂದ ಕಣ್ಣು ತೆಗೆಯದೆ, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಕೇಳಿದ: “ಆ ಹುಡುಗನ ಕೆಲ್ಸ ಪರ್ಮನೆಂಟಾ?”

ಗೊತ್ತಿಲ್ಲವೆಂದೆ. ಅವನೇ ವಿಚಾರಿಸಲಿ. ವಿಚಾರಿಸುವ ತಂದೆ ಅರ್ಧ ಎಲೆ ಬಿಟ್ಟಂತೆಯೇ. ಉಳಿದರ್ಧಕ್ಕೆ ಅವನನ್ನು ಯಾರೂ ಅವಸರಪಡಿಸಬೇಡಿ. ನೀನು ಹವೆಯ ವಿಷಯವನ್ನೇ ಮಾತಾಡುತ್ತಿರು.

ಸಂತೃಪ್ತಳಾದ,
ನಿನ್ನ ಅಜ್ಜಿ


ದೊಡ್ಡಬಳ್ಳಾಪುರ
24-4-2019

ಜಡಿಗೇನಹಳ್ಳಿಯ ಶ್ರೀ ಮುನಿಶಾಮಪ್ಪನವರಿಗೆ,

ಮನೋಹರ್ ಮಾಡುವ ನಮಸ್ಕಾರಗಳು. ಫೋನ್ ಮಾಡೋಣವೆಂದಿದ್ದೆ. ಇಂಥ ವಿಷಯ ಕಾಗದದಲ್ಲಿಯೇ ಇರಬೇಕೆಂದು ನಮ್ಮ ತಾಯಿಯವರು ಎದುರಿಗೆ ಕುಳಿತಿದ್ದಾರೆ.

ಮಾರ್ಚ್ ತಿಂಗಳಲ್ಲಿ ತಮ್ಮ ಮಗ ನಮ್ಮ ಮನೆಗೆ ಬಂದಾಗ ಕಾಫಿ ಕೊಟ್ಟು ಕಳುಹಿಸಿದೆ. ಊಟಕ್ಕೆ ಕೂರಿಸಬೇಕಾಗಿತ್ತು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ. ಹಾಲಿನ ಶೀತಲ ಕೇಂದ್ರದಲ್ಲಿ ನನ್ನ ಕೆಲಸ ಮುಗಿಸಿ ಎರಡು ಸಲ ದೇವನಹಳ್ಳಿಗೆ ಹೋಗಿ ಹುಡುಗನೊಡನೆ ಮಾತಾಡಿದ್ದೇನೆ. ಮಗಳ ಹತ್ತಿರವೂ ಮಾತಾಡಿದೆ. ಅವಳು ಅತ್ತಳು. ಆಮೇಲೆ ಇಬ್ಬರೂ ಐಸ್‌ಕ್ರೀಮ್ ತಿಂದೆವು. ನೆಲಮಂಗಲದವರಿಗೆ ಬರುವುದು ಬೇಡವೆಂದು ತಿಳಿಸಿದ್ದೇನೆ. ನಮ್ಮ ದಾಯಾದಿಗಳಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಮದುವೆಯ ಹೊತ್ತಿಗೆ ಬರುತ್ತಾರೆ, ಬರದಿದ್ದರೆ ಅವರ ಪಾಲಿನ ಊಟವನ್ನು ಬೇರೆಯವರು ಉಣ್ಣುತ್ತಾರೆ.

ಅಕ್ಷಯ ತದಿಗೆ ಮೇ ಏಳನೆಯ ತಾರೀಕು, ಮಂಗಳವಾರ. ವೀಳ್ಯ ಬದಲಾಯಿಸಿಕೊಳ್ಳಲು ತಾವು ಮನೆಯವರೆಲ್ಲರೂ ಬರಬೇಕು. ಆದರೆ ಅಂದು ನಮ್ಮಲ್ಲಿ ಬರಿ ಸಿಹಿಯಡಿಗೆ. ಸೋಮವಾರ ನಾವು ಮಾಂಸ ಮಾಡುವುದಿಲ್ಲ. ಆದಕಾರಣ ದಯವಿಟ್ಟು ಭಾನುವಾರವೇ ಬಂದುಬಿಡಿ. ತಮ್ಮ ಮನೆಯವರು ಮಸಾಲೆ ಅರೆಯುವುದನ್ನು ಪಕ್ಕದಲ್ಲಿ ನಿಂತು ನೋಡಬೇಕೆಂದು ನನ್ನ ಹೆಂಡತಿ ಹೇಳುತ್ತಿದ್ದಾಳೆ. ಮರಿಯನ್ನು ನಾನೇ ನೋಡಿ ತರುತ್ತೇನೆ. ಹಲ್ಲು ನೋಡುವುದು ಹೇಗೆಂದು ತಾವು ತೋರಿಸಿಕೊಟ್ಟಿದ್ದೀರಿ.

ಮೂರು ದಿನ ಇರುವಂತೆಯೇ ಬನ್ನಿ. ಹಾಸಿಗೆಗಳನ್ನು ಇವತ್ತೇ ಬಿಸಿಲಿಗೆ ಹಾಕಿಸಿದ್ದೇನೆ.

ತಮ್ಮ ವಿಶ್ವಾಸಿ,
ಮನೋಹರ್